ಬೆಲ್ಲ ಕಾಯುವಲ್ಲೇ ಬೊಂಬೆಯಾಟ

ಶಿಂಗ್ ಗ್ರಾಮದಲ್ಲಿ ಅಕ್ಟೋಬರ್ ಬಂತೆಂದರೆ ಕಬ್ಬಿನ ಕಟಾವು. ಗದ್ದೆಯಿಂದ ಹೊರೆ ಹೊರೆಯಾಗಿ ಬಂದ ಕಬ್ಬನ್ನು ಗಾಣಕ್ಕೆ ಕೊಡುತ್ತಾರೆ. ಕಬ್ಬಿನ ಹಾಲು ಸಾಲಾಗಿ ಹೂಡಿದ ಬಾಣಲೆಗಳಲ್ಲಿ ಕುದಿಯುತ್ತ ಒಂದರಿಂದ ಇನ್ನೊಂದಕ್ಕೆ ದಾಟಿ, ಪಾಕ ಹದಕ್ಕೆ ಬಂದಾಗ ಬೆಲ್ಲವಾಗುತ್ತದೆ. ಮಂಡ್ಯದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ, ಇದು ಆಲೆಮನೆ. ಆದರೆ ಚೀನಾದ ಈ ಆಲೆಮನೆಯಲ್ಲಿ ಡಿಸೆಂಬರ್ ಕಳೆದು ಒಲೆ ಆರಿದ ಮೇಲೂ ಜನ ಬರುತ್ತಾರೆ. ಬಾಣಲೆಗಳ ಸುತ್ತಲಿನ ಜಾಗದಲ್ಲಿ ಬೊಂಬೆಯಾಟ ನಡೆಯುತ್ತದೆ, ಸಿನಿಮಾ ತೋರಿಸುತ್ತಾರೆ, ಊರಿನ ಸಭೆ ಸೇರುತ್ತದೆ.

ಶಿಂಗ್ ಗ್ರಾಮ ಇರುವುದು ಝೆಜಿಯಾಂಗ್ ಪ್ರಾಂತ್ಯದ ನೈಋತ್ಯ ಮೂಲೆಯ ಸೊಂಗ್‌ಯಾಂಗ್ ಕೌಂಟಿಯಲ್ಲಿ. ಆಡಳಿತದ ಲೆಕ್ಕದಲ್ಲಿ ನಮ್ಮ ತಾಲ್ಲೂಕಿಗೆ ಹತ್ತಿರದ ಘಟಕ ಅದು. ಕ್ರಿ.ಶ. 199ರಿಂದಲೂ ಕೌಂಟಿಯಾಗಿರುವ, ಸೊಂಗ್‌ಯಿನ್ ನದಿಯ ಬಯಲು ಮತ್ತು ಅದನ್ನು ಸುತ್ತುವರಿದ ಬೆಟ್ಟಗಳ ಹಳೆಯ ನಾಡು. ಸುಮಾರು 400 ಹಳ್ಳಿಗಳು, ಅವುಗಳಲ್ಲಿ 70ಕ್ಕೂ ಹೆಚ್ಚು ಚೀನಾ ಸರ್ಕಾರದ ಸಾಂಪ್ರದಾಯಿಕ ಗ್ರಾಮಗಳ ಪಟ್ಟಿಯಲ್ಲಿವೆ. ಹಳೆಯ ಮನೆಗಳು ಉಳಿದುಕೊಂಡವು ನಿಜ. ಉಳಿಯಲು ಒಂದು ಕಾರಣ, ಅವನ್ನು ಕೆಡವಿ ಹೊಸದು ಕಟ್ಟಬೇಕಾದ ಪ್ರಾಯದವರು ದುಡಿಮೆ ಹುಡುಕಿಕೊಂಡು ಕರಾವಳಿಯ ನಗರಗಳಿಗೆ ಹೋಗಿಬಿಟ್ಟದ್ದು. ದಮ್ಮಸ್ಸು ಮಾಡಿ ಎಬ್ಬಿಸಿದ ಮಣ್ಣಿನ ಗೋಡೆಗಳ ನಡುವೆ ವಯಸ್ಸಾದವರು ಮಾತ್ರ ಉಳಿದಿದ್ದರು.

ಇಂಥ ಹಳ್ಳಿಗೆ ಒಂದು ಸಂಸ್ಕೃತಿ ಭವನ ಬೇಕು ಎಂದಾಗ ಸಾಮಾನ್ಯವಾಗಿ ಏನಾಗುತ್ತದೆ ಎಂಬುದು ಗೊತ್ತಿರುವ ಸಂಗತಿ. ಊರ ಹೊರಗಿನ ಜಾಗದಲ್ಲಿ ದೊಡ್ಡದೊಂದು ಹಾಲ್, ಮುಂದೆ ಕಮಾನು, ಮೇಲೆ ಹಳೆಯ ದೇವಸ್ಥಾನದ್ದೋ ಅರಮನೆಯದ್ದೋ ನಕಲಿನಂಥ ಮಾಡು. ಉದ್ಘಾಟನೆಯ ದಿನ ಜನ ತುಂಬುತ್ತಾರೆ, ಆಮೇಲೆ ಬೀಗ. ಝೆಜಿಯಾಂಗ್ ಪ್ರಾಂತ್ಯ 2013ರಿಂದ ಊರೂರಿಗೂ ಸಂಸ್ಕೃತಿ ಸಭಾಂಗಣ ಮಾಡುವ ಯೋಜನೆ ಹಾಕಿಕೊಂಡಾಗ, ಅನೇಕ ಕಡೆ ವಂಶದ ಹಿರಿಯರನ್ನು ಪೂಜಿಸುವ ಹಳೆಯ ಮಂದಿರಗಳನ್ನೇ ದುರಸ್ತಿ ಮಾಡಿ ಬಳಸಿಕೊಂಡರು. ಅದೊಂದು ವಿವೇಕದ ದಾರಿ. ಸೊಂಗ್‌ಯಾಂಗ್‌ನಲ್ಲಿ ವಾಸ್ತುಶಿಲ್ಪಿ ಶು ತಿಯಾನ್‌ತಿಯಾನ್ ಇನ್ನೂ ಮುಂದಕ್ಕೆ ಹೋದರು. ಊರಿನವರು ಏನು ಕೆಲಸ ಮಾಡುತ್ತಾರೋ ಆ ಕೆಲಸಕ್ಕೇ ಮನೆ ಕಟ್ಟಿ, ಅದನ್ನೇ ಊರಿನ ಸಂಸ್ಕೃತಿ ಕೇಂದ್ರ ಮಾಡಿದರು.

ಶು 1975ರಲ್ಲಿ ಫೂಜಿಯನ್ ಪ್ರಾಂತ್ಯದ ಪುಟಿಯಾನ್‌ನಲ್ಲಿ ಹುಟ್ಟಿದವರು. ಬೀಜಿಂಗ್‌ನ ಚಿಂಗ್ಹುವಾ ವಿಶ್ವವಿದ್ಯಾಲಯದಲ್ಲೂ ಹಾರ್ವರ್ಡ್‌ನಲ್ಲೂ ಓದಿ, 2004ರಲ್ಲಿ ಬೀಜಿಂಗ್‌ನಲ್ಲಿ ತಮ್ಮ ಕಚೇರಿ ತೆರೆದರು. ತಮ್ಮ ವಿಧಾನವನ್ನು ಅವರು ವಾಸ್ತುಶಿಲ್ಪದ ಅಕ್ಯುಪಂಕ್ಚರ್ ಎಂದು ಕರೆಯುತ್ತಾರೆ. ಇಡೀ ಹಳ್ಳಿಯನ್ನು ಅಗೆದು ಮರುನಿರ್ಮಿಸುವ ಬದಲು, ಆಯ್ದ ಒಂದು ಜಾಗದಲ್ಲಿ ಸಣ್ಣದೊಂದು ಕಟ್ಟಡ. ಅದರ ಪರಿಣಾಮ ಊರಿಗೆಲ್ಲ ಹರಡಬೇಕು, ಒಂದು ಊರಿನಿಂದ ಪಕ್ಕದ ಊರಿಗೂ ದಾಟಬೇಕು. ಹಾಗಾಗಿ ಒಂದು ಊರಿಗೆ ಮಾಡಿದ್ದನ್ನು ಇನ್ನೊಂದು ಊರಿಗೆ ಮಾಡಲಿಲ್ಲ.

ಶಿಂಗ್ ಗ್ರಾಮದ ಆಲೆಮನೆಗೆ ಮತ್ತೆ ಬರುತ್ತೇನೆ, ಏಕೆಂದರೆ ಈ ಯೋಚನೆ ಅಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಮೊದಲು ಇಲ್ಲಿ ತಗಡಿನ ಶೆಡ್ಡುಗಳಲ್ಲಿ ಬೆಲ್ಲ ಕಾಯಿಸುತ್ತಿದ್ದರು. ಬೆಲ್ಲ ಒಳ್ಳೆಯದೇ, ಆದರೆ ಆ ಹೊಗೆ, ಕೊಳೆ, ಇಕ್ಕಟ್ಟು ನೋಡಿದವರು ಒಳ್ಳೆಯ ಬೆಲೆ ಕೊಡುವುದು ಕಷ್ಟ. 2016ರಲ್ಲಿ ಮುಗಿದ ಹೊಸ ಕಟ್ಟಡದಲ್ಲಿ ಉಕ್ಕಿನ ಚೌಕಟ್ಟು, ಕೆಂಪು ಇಟ್ಟಿಗೆ, ಗಾಜು ಇವೆ. ಹಳೆಯ ಕಾಲದ ವೇಷ ಹಾಕಿಸುವ ಪ್ರಯತ್ನವೇ ಇಲ್ಲ. ನಡುವೆ ಒಲೆಗಳ ಸಾಲು, ಸುತ್ತ ಜನ ಓಡಾಡುವ ಹಾದಿ, ಆಚೆಗೆ ಕಬ್ಬಿನ ಗದ್ದೆ. ಹಬೆಯ ನಡುವೆ ಸೌಟು ಹಿಡಿದು ಹದ ನೋಡುವವನು ಮೊದಲು ಯಾರ ಕಣ್ಣಿಗೂ ಬೀಳದೆ ದುಡಿಯುತ್ತಿದ್ದ. ಈಗ ಅವನ ಕೈಚಳಕವನ್ನು ಅವನ ಊರಿನ ಮಕ್ಕಳೇ ನಿಂತು ನೋಡುತ್ತಾರೆ. ಇಲ್ಲಿ ಪರಂಪರೆ ಎಂದರೆ ಮಾಡಿನ ಓರೆ ಅಲ್ಲ, ಪಾಕದ ಹದ ಬಲ್ಲ ಆ ಕೈ. ಕಟ್ಟಡ ಎಷ್ಟು ಬೇಕಾದರೂ ಆಧುನಿಕವಾಗಿರಬಹುದು ಎಂಬ ಧೈರ್ಯ ಶು ಅವರಿಗೆ ಬಂದದ್ದು ಅಲ್ಲಿಂದಲೇ ಎಂದು ನನಗೆ ಅನ್ನಿಸುತ್ತದೆ.

ತ್ಸಾಯ್‌ಜಾಯ್ ಗ್ರಾಮದ ಕಸುಬು ತೋಫು. ಮನೆಮನೆಯಲ್ಲಿ ಮಾಡಿದ ತೋಫುಗೆ ಆಹಾರ ಸುರಕ್ಷತೆಯ ಪ್ರಮಾಣಪತ್ರ ಸಿಗದೆ, ಅದು ಸೂಪರ್ ಮಾರ್ಕೆಟ್ಟಿನ ಬಾಗಿಲು ದಾಟುತ್ತಿರಲಿಲ್ಲ. 2018ರಲ್ಲಿ ಎದ್ದ ಮರದ ಕಟ್ಟಡ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಸೋಯಾ ಕಾಳು ನೆನೆಸುವುದು, ರುಬ್ಬುವುದು, ಹಾಲು ಕಾಯಿಸುವುದು, ಒಡೆಸಿ ಹಿಂಡುವುದು, ಕೊನೆಗೆ ಕರಿಯುವುದು ಹೀಗೆ ಕೆಲಸದ ಒಂದೊಂದು ಹಂತಕ್ಕೂ ಅದರದೇ ಕೋಣೆ. ಬಂದವರು ಪಕ್ಕದ ಮೆಟ್ಟಿಲುಗಳಲ್ಲಿ ನಡೆದಂತೆ ತೋಫುವೂ ಒಳಗೆ ಮುಂದೆ ಸಾಗುತ್ತಿರುತ್ತದೆ. ನಿಯಮಕ್ಕೆ ಒಪ್ಪುವ ಕಾರ್ಖಾನೆಯೂ ಆಯಿತು, ಊರ ವಿದ್ಯೆಯ ವಸ್ತುಸಂಗ್ರಹಾಲಯವೂ ಆಯಿತು.

ಎಲ್ಲ ಊರಿಗೂ ಇಂಥ ಕಸುಬು ಇರುವುದಿಲ್ಲವಲ್ಲ. ಶಿತ್ಸಾಂಗ್ ಪ್ರದೇಶದಲ್ಲಿ ಇದ್ದದ್ದು ಕಾಗದಗಳು. ಮಿಂಗ್ ಕಾಲದ ಕೊನೆ, ಚಿಂಗ್ ಕಾಲದ ಆರಂಭದ ಹೊತ್ತಿಗೆ ಫೂಜಿಯನ್ ಕಡೆಯಿಂದ ವಲಸೆ ಬಂದ ಹಕ್ಕಾ ಜನ ಇಲ್ಲಿ ನೆಲೆಸಿದರು. ಜಮೀನು ಕೊಂಡದ್ದು, ಅಡವಿಟ್ಟದ್ದು, ಅಣ್ಣತಮ್ಮಂದಿರು ಪಾಲು ಮಾಡಿಕೊಂಡದ್ದು ಎಲ್ಲವನ್ನೂ ಪತ್ರ ಮಾಡಿಸಿ, ತಲೆಮಾರುಗಳ ತನಕ ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಂಡರು. ಇತಿಹಾಸಕಾರರು ಇಲ್ಲಿ 8,000ಕ್ಕೂ ಹೆಚ್ಚು ಪತ್ರಗಳನ್ನು ಒಟ್ಟುಮಾಡಿದ್ದಾರೆ. ರಾಜರ ಶಾಸನಗಳಲ್ಲಿ ಸಿಗದ ಲೋಕ ಇದು. ಸಾಮಾನ್ಯ ರೈತನೊಬ್ಬ ಯಾವ ವರ್ಷ ಎಷ್ಟಕ್ಕೆ ಗದ್ದೆ ಒತ್ತೆ ಇಟ್ಟ, ಸಾಕ್ಷಿಗೆ ಯಾರು ಕುಳಿತರು, ಬರೆದವರು ಯಾರು ಎಂಬುದೆಲ್ಲ ಆ ಹಾಳೆಗಳಲ್ಲಿದೆ. ಅವುಗಳಿಗಾಗಿ 2017ರಲ್ಲಿ ಕಟ್ಟಿದ ವಸ್ತುಸಂಗ್ರಹಾಲಯ ಬೆಟ್ಟದ ಮೆಟ್ಟಿಲು ಗದ್ದೆಗಳ ನಡುವೆ, ಅವುಗಳ ಬದುವಿನಂತೆಯೇ ಕಲ್ಲಿನ ಗೋಡೆಗಳಾಗಿ ನಿಂತಿದೆ. ಗೋಡೆ ಕಟ್ಟಿದವರು ಸ್ಥಳೀಯ ಕಲ್ಲುಕೆಲಸದವರು. ಗೋಡೆಗಳ ನಡುವಿನ ಸೀಳುಗಳಿಂದ ಬೆಳಕು ಇಳಿಯುತ್ತದೆ, ನೀರಿನ ಕಾಲುವೆಯೊಂದು ಒಳಗೇ ಹಾದುಹೋಗುತ್ತದೆ. ಪತ್ರಗಳಲ್ಲಿ ಬರೆದದ್ದೆಲ್ಲ ನೆಲದ ವಿಚಾರ. ಅದೇ ನೆಲದ ಕಲ್ಲು, ಅದೇ ನೆಲಕ್ಕೆ ಹರಿಯುವ ನೀರು ಆ ಪತ್ರಗಳಿಗೆ ಮನೆಯಾದವು. ಸೊಂಗ್‌ಯಾಂಗ್‌ನ ಕಟ್ಟಡಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಪ್ರಿಯವಾದದ್ದು ಇದು.

ವಾಂಗ್ ಗ್ರಾಮದಲ್ಲಿ ನೆನಪಿಗೆ ಮನೆ ಬೇಕಿತ್ತು. ಮಿಂಗ್ ಕಾಲದಲ್ಲಿ, 1408ರಲ್ಲಿ ಮುಗಿದ ಬೃಹತ್ ಯೊಂಗ್ಲ್ ವಿಶ್ವಕೋಶದ ಸಂಪಾದನೆಯಲ್ಲಿ ಕೆಲಸ ಮಾಡಿದ ವಿದ್ವಾಂಸ ವಾಂಗ್ ಜಿಂಗ್ ಈ ಊರಿನವನು. ಅವನ ಸ್ಮಾರಕವನ್ನು ಊರ ಹೊರಗೆ ಗುಡ್ಡದ ಮೇಲೆ ನಿಲ್ಲಿಸದೆ, ಊರವರು ದಿನವೂ ಹಾಯುವ ಜಾಗದಲ್ಲಿ ಕಟ್ಟಿದ್ದಾರೆ. ಶಿಮೆನ್‌ನಲ್ಲಿ ವಾಹನಗಳಿಗೆ ಬೇರೆ ಸೇತುವೆ ಆದಮೇಲೆ ಬಿಟ್ಟುಹೋದ ಹಳೆಯ ಸೇತುವೆಗೆ ಮರದ ಚಾವಣಿ ಬಂತು. ಝೆಜಿಯಾಂಗ್ ಮತ್ತು ಫೂಜಿಯನ್‌ನಲ್ಲಿ ಮಾಡು ಹೊದಿಸಿದ ಮರದ ಸೇತುವೆಗಳ ಪರಂಪರೆ ದೊಡ್ಡದು. ಕಮಾನಿನ ಮರದ ಸೇತುವೆ ಕಟ್ಟುವ ವಿದ್ಯೆ 2009ರಲ್ಲಿ ತುರ್ತು ರಕ್ಷಣೆ ಬೇಕಾದ ಪರಂಪರೆಗಳ ಯುನೆಸ್ಕೊ ಪಟ್ಟಿಗೆ ಸೇರಿತ್ತು. ಮಳೆ ಬಂದಾಗ ನಿಲ್ಲಲು, ಸಂಜೆ ಹರಟಲು ಎರಡು ದಡದ ಊರವರಿಗೂ ಒಂದೇ ಜಾಗ ಸಿಕ್ಕಿತು. ಹೆಂಗ್‌ಕೆಂಗ್‌ನಲ್ಲಂತೂ ಕಟ್ಟಿದ್ದು ಎನ್ನುವ ಹಾಗೇ ಇಲ್ಲ. ಅಲ್ಲಿ ಬೆಳೆದು ನಿಂತ ಬಿದಿರನ್ನು ಕಡಿಯದೆ ನಿಂತಲ್ಲೇ ಬಗ್ಗಿಸಿ, ತುದಿ ಕಟ್ಟಿ, ಗುಮ್ಮಟದಂಥ ರಂಗಸ್ಥಳ ಮಾಡಿದ್ದಾರೆ. ಬಿದಿರು ಹಳತಾದಾಗ ಊರವರು ಹೊಸ ಕಳಲೆಯನ್ನು ಬೆಳೆಸಿ ಬಗ್ಗಿಸಿ ಕಟ್ಟುತ್ತಾರೆ.

ಇವೆಲ್ಲದರ ಹಿಂದೆ ಕೌಂಟಿ ಆಡಳಿತದ ಹಣ, ಒತ್ತಾಸೆ ಇದ್ದವು ಎಂಬುದನ್ನು ಮರೆಯುವಂತಿಲ್ಲ. ಪ್ರವಾಸಿಗರೂ ಬರುತ್ತಾರೆ, ಬಂದವರ ಕ್ಯಾಮೆರಾಗಳೂ ಬರುತ್ತವೆ. ನನಗಿರುವ ಆತಂಕ ಅದೇ. ಕೆಲಸವೇ ತೋರಿಕೆಯಾಗಿಬಿಟ್ಟರೆ ಬೆಲ್ಲ ಹಿಂದೆ ಸರಿದು ಬೆಲ್ಲದ ಆಟ ಮುಂದೆ ಬರುತ್ತದೆ. ಶಿಂಗ್ ಗ್ರಾಮದ ಒಲೆಗಳು ಪ್ರವಾಸಿಯ ಸಮಯ ನೋಡದೆ ಕಬ್ಬಿನ ಕಾಲ ನೋಡಿ ಉರಿಯುವ ತನಕ ಆ ಭಯ ಇಲ್ಲ.

2018ರಲ್ಲಿ ಬರ್ಲಿನ್‌ನ ಆಯ್ಡೆಸ್ ಗ್ಯಾಲರಿಯಲ್ಲಿ ಸೊಂಗ್‌ಯಾಂಗ್‌ನ ಕುರಿತು ಪ್ರದರ್ಶನ ನಡೆಯಿತು. 2025ರ ವುಲ್ಫ್ ಪ್ರಶಸ್ತಿ ವಾಸ್ತುಶಿಲ್ಪ ವಿಭಾಗದಲ್ಲಿ ಶು ಅವರಿಗೆ ಬಂತು. ಈ ನಡುವೆ ಅವರು ಅದೇ ಸೀಮೆಯ ಜಿನ್‌ಯುನ್ ಕೌಂಟಿಗೂ ಕೈಹಾಕಿದ್ದಾರೆ. ಅಲ್ಲಿ 3,000ಕ್ಕೂ ಹೆಚ್ಚು ಸಣ್ಣ ಕಲ್ಲು ಗಣಿಗಳು ಕೆಲಸ ನಿಂತು ಬಿದ್ದಿದ್ದವು. ಅವುಗಳಲ್ಲಿ ಕೆಲವನ್ನು ಆಯ್ದು, ಒಂದರಲ್ಲಿ ಕಲ್ಲಿನ ಹಂತಗಳನ್ನೇ ಕಪಾಟಾಗಿಸಿ ಓದುವ ಜಾಗ ಮಾಡಿದರು, ಮತ್ತೊಂದನ್ನು ಪ್ರದರ್ಶನಗಳಿಗೆ ಅಣಿಗೊಳಿಸಿದರು. ಹತ್ತನೆಯ ಸಂಖ್ಯೆಯ ಗಣಿಯಲ್ಲಿ ಹಳೆಯ ಕಲ್ಲುಕುಟಿಗರೇ ಬಂದು, ಬಂಡೆಯಿಂದ ಕಲ್ಲು ಸೀಳುವ ಬಗೆಯನ್ನು ಜನರೆದುರು ಮಾಡಿ ತೋರಿಸುತ್ತಾರೆ.