ಬಡಾವಣೆಗಳ ಆಟ, ಬಡಾವಣೆಗಳ ಹಠ

ಮೆಲ್ಬರ್ನ್ ಕ್ರಿಕೆಟ್ ಮೈದಾನ ಎಂದೊಡನೆ ಕನ್ನಡಿಗರಿಗೆ ನೆನಪಾಗುವವರು ಬಿ.ಎಸ್. ಚಂದ್ರಶೇಖರ್. 1977ರ ಡಿಸೆಂಬರ್ ಕೊನೆಯಲ್ಲಿ ಶುರುವಾದ ಟೆಸ್ಟ್ ಪಂದ್ಯದ ಎರಡೂ ಇನಿಂಗ್ಸ್‌ಗಳಲ್ಲಿ ತಲಾ 52 ರನ್ನಿಗೆ 6 ವಿಕೆಟ್ ಉರುಳಿಸಿ, ಆಸ್ಟ್ರೇಲಿಯಾದ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದುಕೊಟ್ಟ ಮೈದಾನವದು. ಆದರೆ ಅಲ್ಲಿ ಚಳಿಗಾಲ ಕಾಲಿಟ್ಟಿತೆಂದರೆ ಬ್ಯಾಟು, ಸ್ಟಂಪು ಒಳಗೆ ಸೇರುತ್ತವೆ. ಮೊಟ್ಟೆಯಾಕಾರದ ಚೆಂಡು ಹಿಡಿದ ಆಟಗಾರರು ಮೈದಾನಕ್ಕೆ ಇಳಿಯುತ್ತಾರೆ. ಇದೇ 'ಆಸ್ಟ್ರೇಲಿಯನ್ ರೂಲ್ಸ್' ಫುಟ್‌ಬಾಲ್.

ಈ ಆಟ ಹುಟ್ಟಿದ್ದೇ ಕ್ರಿಕೆಟಿಗರಿಂದ. ಚಳಿಗಾಲದಲ್ಲಿ ಆಟಗಾರರ ಮೈ ಜಡ್ಡುಗಟ್ಟಬಾರದು, ಅದಕ್ಕೊಂದು ಫುಟ್‌ಬಾಲ್ ಕ್ಲಬ್ ಬೇಕು ಎಂದು ಟಾಮ್ ವಿಲ್ಸ್ ಎಂಬ ಕ್ರಿಕೆಟಿಗ 1858ರಲ್ಲಿ ಪತ್ರಿಕೆಯೊಂದಕ್ಕೆ ಬರೆದ. ಮರುವರ್ಷವೇ ನಿಯಮಗಳು ಸಿದ್ಧವಾದವು. ಇಂದಿನ ಆಟದಲ್ಲಿ ತಂಡಕ್ಕೆ 18 ಮಂದಿ. ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬಗಳು. ನಡುವಿನ ಎರಡು ಕಂಬಗಳ ಮಧ್ಯೆ ಚೆಂಡನ್ನು ಒದ್ದರೆ 6 ಅಂಕ, ಪಕ್ಕದ ಕಂಬಗಳ ನಡುವೆ ಹೋದರೆ 1 ಅಂಕ. ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಹಿಡಿದು ಓಡಬಹುದು. ಜತೆಗಾರನಿಗೆ ಕೊಡಬೇಕಾದರೆ ಮಾತ್ರ ಒದೆಯಬೇಕು, ಇಲ್ಲವೇ ಮುಷ್ಟಿಯಿಂದ ಗುದ್ದಬೇಕು. ಎಸೆಯುವಂತಿಲ್ಲ.

ಬಲಾಢ್ಯರು ಹೊರನಡೆದರು

ಕ್ಲಬ್‌ಗಳೆಲ್ಲ ಕೂಡಿ 1877ರಲ್ಲಿ ವಿಕ್ಟೋರಿಯನ್ ಫುಟ್‌ಬಾಲ್ ಅಸೋಸಿಯೇಷನ್, ಅಂದರೆ ವಿಎಫ್‌ಎ, ಕಟ್ಟಿಕೊಂಡವು. ಇಪ್ಪತ್ತು ವರ್ಷ ತುಂಬುವ ಮೊದಲೇ ಮನೆ ಒಡೆಯಿತು. ಹೆಚ್ಚು ಜನರನ್ನು ಸೆಳೆಯುತ್ತಿದ್ದ ಬಲಾಢ್ಯ ಕ್ಲಬ್‌ಗಳಿಗೆ ದುರ್ಬಲರ ಜತೆ ಏಗುವುದು ಬೇಡವಾಗಿತ್ತು. 1896ರಲ್ಲಿ ಅವು ಹೊರನಡೆದು ವಿಕ್ಟೋರಿಯನ್ ಫುಟ್‌ಬಾಲ್ ಲೀಗ್ ಸ್ಥಾಪಿಸಿದವು. 1897ರಲ್ಲಿ ಎಂಟು ಕ್ಲಬ್‌ಗಳೊಂದಿಗೆ ಆಟ ಆರಂಭಿಸಿದ ಆ ಲೀಗೇ ಇಂದಿನ ಎಎಫ್‌ಎಲ್.

ಹಳೆಯ ಮನೆಯಲ್ಲಿ ಉಳಿದವು ಐದೇ ಕ್ಲಬ್: ಫುಟ್ಸ್‌ಕ್ರೇ, ನಾರ್ತ್ ಮೆಲ್ಬರ್ನ್, ಪೋರ್ಟ್ ಮೆಲ್ಬರ್ನ್, ರಿಚ್ಮಂಡ್ ಮತ್ತು ವಿಲಿಯಮ್ಸ್‌ಟೌನ್. ಕಾರ್ಖಾನೆ, ಬಂದರುಗಳಲ್ಲಿ ದುಡಿಯುವವರ ಬಡಾವಣೆಗಳ ತಂಡಗಳು ಇದರಲ್ಲಿದ್ದವು. ಇನ್ನೇನು ಮುಳುಗಿತು ಎಂದುಕೊಂಡವರ ನಡುವೆಯೇ ವಿಎಫ್‌ಎ ಹೊಸ ಬಡಾವಣೆಗಳನ್ನು ಸೇರಿಸಿಕೊಂಡು ಚೇತರಿಸಿಕೊಂಡಿತು. ಆದರೆ ಒಂದು ಕ್ಲಬ್ ಬಲಿಯಿತೆಂದರೆ ಲೀಗ್ ಅದನ್ನು ಕರೆದುಕೊಳ್ಳುತ್ತಿತ್ತು. 1908ರಲ್ಲಿ ರಿಚ್ಮಂಡ್ ಹೋಯಿತು. 1924ರಲ್ಲಿ ವಿಎಫ್‌ಎ ಚಾಂಪಿಯನ್ ಫುಟ್ಸ್‌ಕ್ರೇ, ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರ ನೆರವಿಗಾಗಿ ನಡೆದ ಪಂದ್ಯದಲ್ಲಿ ಲೀಗ್ ಚಾಂಪಿಯನ್ ಎಸೆಂಡನ್ ತಂಡವನ್ನೇ ಮಣಿಸಿ ಎಲ್ಲರ ಹುಬ್ಬೇರಿಸಿತು. 1925ರಲ್ಲಿ ಫುಟ್ಸ್‌ಕ್ರೇ, ಹಾಥಾರ್ನ್, ನಾರ್ತ್ ಮೆಲ್ಬರ್ನ್ ಮೂರೂ ಒಟ್ಟಿಗೆ ಲೀಗ್ ಸೇರಿದವು. ಬೆಳೆಸುವುದು ಒಬ್ಬರು, ಫಸಲು ಮತ್ತೊಬ್ಬರಿಗೆ ಎಂಬಂತಾಯಿತು.

ತೆರೆದ ಬಾಗಿಲು

ಈ ಬಡಾವಣೆಯ ಆಟ ಕೊಟ್ಟ ದೊಡ್ಡ ಹೆಸರು ಡಗ್ ನಿಕೋಲ್ಸ್. ಮರ್ರೇ ನದಿ ದಂಡೆಯ ಕಮ್ಮೆರಗುಂಜ ಎಂಬ ಆದಿವಾಸಿ ವಸತಿಯಲ್ಲಿ 1906ರಲ್ಲಿ ಹುಟ್ಟಿದ ಹುಡುಗ. ಎತ್ತರ ಐದಡಿ ಎರಡಂಗುಲ, ಓಟದಲ್ಲಿ ಮಿಂಚು. 1927ರಲ್ಲಿ ಲೀಗ್‌ನ ಕಾರ್ಲ್‌ಟನ್ ಕ್ಲಬ್ಬಿಗೆ ಅಭ್ಯಾಸಕ್ಕೆ ಹೋದ. ಆತನ ಮೈಬಣ್ಣ ಅಡ್ಡ ಬಂದಿತು. ಅವಮಾನ ನುಂಗಿಕೊಂಡು ಹೊರಬಂದವನಿಗೆ ವಿಎಫ್‌ಎಯ ನಾರ್ತ್‌ಕೋಟ್ ಕ್ಲಬ್ ಬಾಗಿಲು ತೆರೆಯಿತು. 1929ರಲ್ಲಿ ನಾರ್ತ್‌ಕೋಟ್ ಚಾಂಪಿಯನ್ ಆದಾಗ ನಿಕೋಲ್ಸ್ ಆ ತಂಡದ ತಾರೆ.

1932ರಲ್ಲಿ ಲೀಗ್‌ನ ಫಿಟ್ಜ್‌ರಾಯ್ ಕ್ಲಬ್ ಅವರನ್ನು ತಾನಾಗಿ ಕರೆಸಿಕೊಂಡಿತು. ಅಲ್ಲಿ ಆ ಕಾಲದ ಮಹಾನ್ ಆಟಗಾರ ಹೇಡನ್ ಬಂಟನ್ ಅವರ ಗೆಳೆಯನಾದ. 1935ರಲ್ಲಿ ನಿಕೋಲ್ಸ್ ವಿಕ್ಟೋರಿಯಾ ರಾಜ್ಯವನ್ನು ಪ್ರತಿನಿಧಿಸಿದರು. ಆಟ ಮುಗಿದ ಮೇಲೆ ಪಾದ್ರಿಯಾಗಿ, ಆದಿವಾಸಿಗಳ ಹಕ್ಕಿನ ಹೋರಾಟಗಾರರಾಗಿ ದುಡಿದರು. 1972ರಲ್ಲಿ 'ಸರ್' ಪದವಿ ಪಡೆದ ಮೊದಲ ಆದಿವಾಸಿ ಎನಿಸಿದರು. 1976ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಗವರ್ನರ್ ಆದರು. 2016ರಿಂದ ಎಎಫ್‌ಎಲ್ ವರ್ಷಕ್ಕೊಂದು ಸುತ್ತಿನ ಪಂದ್ಯಗಳನ್ನು ಅವರ ಹೆಸರಿನಲ್ಲಿ ಆಡಿಸುತ್ತಿದೆ.

ಎಸೆತ ಮತ್ತು ಭಾನುವಾರ

ದೊಡ್ಡವರ ಎದುರು ನಿಲ್ಲಬೇಕಾದರೆ ಹೊಸತನ ಬೇಕು. 1938ರಲ್ಲಿ ವಿಎಫ್‌ಎ ಚೆಂಡನ್ನು ಎಸೆಯುವುದಕ್ಕೂ ಅನುಮತಿ ಕೊಟ್ಟಿತು. ಆಟ ಚುರುಕಾಯಿತು, ಗೋಲುಗಳ ಮಳೆಯಾಯಿತು. ಅದೇ ವರ್ಷ, ಟೆಸ್ಟ್ ಕ್ರಿಕೆಟ್ಟನ್ನೂ ಆಡಿದ್ದ ಲಾರಿ ನ್ಯಾಶ್ ಲೀಗ್ ಬಿಟ್ಟು ಕ್ಯಾಂಬರ್‌ವೆಲ್ ಸೇರಿದ. 1940ರಲ್ಲಿ ವಿಲಿಯಮ್ಸ್‌ಟೌನ್‌ಗೆ ಬಂದ ರಾನ್ ಟಾಡ್ 1945ರ ಒಂದೇ ಋತುವಿನಲ್ಲಿ 188 ಗೋಲು ಹೊಡೆದ. ನಡುವೆ 1942ರಿಂದ 1944ರವರೆಗೆ ಮಹಾಯುದ್ಧದಿಂದಾಗಿ ಆಟ ನಿಂತಿತ್ತು. ಕೊನೆಗೆ ರಾಷ್ಟ್ರೀಯ ಮಂಡಳಿಯ ಜತೆ ರಾಜಿಯಾಗಿ 1949ರ ನಂತರ ಎಸೆತವನ್ನು ಕೈಬಿಡಲಾಯಿತು.

ಮುಂದಿನ ಅಸ್ತ್ರ ಭಾನುವಾರ. ಲೀಗ್ ಪಂದ್ಯಗಳು ಶನಿವಾರ ನಡೆಯುತ್ತಿದ್ದವು. ಭಾನುವಾರ ಚರ್ಚಿಗೆ, ವಿಶ್ರಾಂತಿಗೆ ಮೀಸಲು. 1960ರಲ್ಲಿ ವಿಎಫ್‌ಎ ಭಾನುವಾರವೂ ಆಡತೊಡಗಿತು. ಜನ ಬಂದರು, ಹಿಂದೆಯೇ ಟಿವಿ ಕ್ಯಾಮೆರಾಗಳೂ ಬಂದವು. ಆದರೆ ತೋರಿದ ದಾರಿಯಲ್ಲಿ ದೊಡ್ಡವರೂ ನಡೆಯುವುದು ಸಹಜ. 1982ರಲ್ಲಿ ಲೀಗ್‌ನ ಸೌತ್ ಮೆಲ್ಬರ್ನ್ ಕ್ಲಬ್ ಸಿಡ್ನಿಗೆ ಸ್ಥಳಾಂತರಗೊಂಡಿತು. ಅಲ್ಲಿನ ಭಾನುವಾರದ ಪಂದ್ಯಗಳು ಮೆಲ್ಬರ್ನ್ ಮನೆಗಳ ಟಿವಿಯಲ್ಲಿ ನೇರ ಪ್ರಸಾರವಾದವು. ಮನೆಯಲ್ಲಿ ಕೂತೇ ತಾರೆಯರನ್ನು ನೋಡಬಹುದಾದರೆ ಬಡಾವಣೆಯ ಮೈದಾನಕ್ಕೆ ಹೋಗುವವರು ಯಾರು?

ಕ್ಲಬ್‌ಗಳು ಒಂದೊಂದಾಗಿ ಸೊರಗಿದವು. ನಿಕೋಲ್ಸ್‌ಗೆ ಆಸರೆಯಾದ ನಾರ್ತ್‌ಕೋಟ್ 1987ರಲ್ಲಿ ವಿಎಫ್‌ಎಯಿಂದ ಮರೆಯಾಯಿತು. 1990ರ ದಶಕದ ಆರಂಭದಲ್ಲಿ ಕ್ಯಾಂಬರ್‌ವೆಲ್, ಬ್ರನ್ಸ್‌ವಿಕ್ ಹೋದವು. ಬಲಾಢ್ಯರ ಲೀಗ್ 1990ರಲ್ಲಿ ಎಎಫ್‌ಎಲ್ ಎಂದು ಹೆಸರು ಬದಲಿಸಿಕೊಂಡಿತ್ತು. ಅದು ಬಿಟ್ಟ ವಿಎಫ್‌ಎಲ್ ಎಂಬ ಹೆಸರನ್ನು 1996ರಲ್ಲಿ ವಿಎಫ್‌ಎ ತೊಟ್ಟುಕೊಂಡಿತು. 2000ದಲ್ಲಿ ಎಎಫ್‌ಎಲ್‌ನ ಮೀಸಲು ತಂಡಗಳ ಸ್ಪರ್ಧೆಯೂ ಇದರೊಳಗೆ ಬೆರೆಯಿತು. 2021ರಲ್ಲಿ ಸಿಡ್ನಿ, ಬ್ರಿಸ್ಬೇನ್ ಕಡೆಯ ತಂಡಗಳೂ ಸೇರಿಕೊಂಡವು.

ಆದರೂ ಹಠ ಸತ್ತಿಲ್ಲ. 2011ರಲ್ಲಿ ಪೋರ್ಟ್ ಮೆಲ್ಬರ್ನ್ ಒಂದೂ ಪಂದ್ಯ ಸೋಲದೆ ಚಾಂಪಿಯನ್ ಆಯಿತು. 2024ರಲ್ಲಿ ವೆರಿಬಿ, 31 ವರ್ಷ ಕಾದು ಪ್ರಶಸ್ತಿ ಗೆದ್ದಿತು. ವೆರಿಬಿಯ ಸುತ್ತಮುತ್ತ ಟಾರ್ನೀಟ್, ಟ್ರುಗನೀನಾ ಮೊದಲಾದ ಹೊಸ ಬಡಾವಣೆಗಳಿವೆ. ಅಲ್ಲಿ ನೆಲೆಸಿದ ಸಾವಿರಾರು ಭಾರತೀಯ ಕುಟುಂಬಗಳಲ್ಲಿ ಕನ್ನಡಿಗರೂ ಇದ್ದಾರೆ. ಬ್ಯಾಟು ಹಿಡಿದು ಬೆಳೆದ ಮನೆಯ ಮಕ್ಕಳಿಗೆ ಅಲ್ಲಿನ ಶಾಲೆಯಲ್ಲಿ ಮೊಟ್ಟೆಯಾಕಾರದ ಚೆಂಡೂ ಕೈಗೆ ಸಿಗುತ್ತದೆ.

ದೊಡ್ಡ ಕ್ಲಬ್ಬಿನಲ್ಲಿ ಜಾಗ ಸಿಗದ ಆ ಹುಡುಗ 1927ರಲ್ಲಿ ಊರಿನ ಬಸ್ಸು ಹತ್ತಿಬಿಟ್ಟಿದ್ದರೆ ಆಸ್ಟ್ರೇಲಿಯಾ ಒಬ್ಬ ಗವರ್ನರನ್ನು ಕಳೆದುಕೊಳ್ಳುತ್ತಿತ್ತೇನೋ. ತಾರೆಯರಿಗೆ ದೊಡ್ಡ ಮೈದಾನ ಬೇಕು, ನಿಜ. ಆದರೆ ತಾರೆಯಾಗುವ ಮೊದಲು ಕಾಲೂರಲು ಮನೆಯ ಹತ್ತಿರದ ಒಂದು ಸಣ್ಣ ಮೈದಾನವೂ, 'ಬಾ, ಆಡು' ಎನ್ನುವ ನಾಲ್ಕು ಜನರೂ ಬೇಕು. ನಾರ್ತ್‌ಕೋಟ್ ಈಗ ಆ ಪಟ್ಟಿಯಲ್ಲಿಲ್ಲ. ಅದು ಮಾಡಿದ ಕೆಲಸ ಮಾತ್ರ ಪ್ರತಿ ವರ್ಷ ಒಂದು ಸುತ್ತಿನ ಹೆಸರಾಗಿ ಉಳಿದಿದೆ.