ದೃಶ್ಯದ ಬೆನ್ನಿಗೆ ನಿಂತ ನಾದ: ಅಜನೀಶ್ ಲೋಕನಾಥ್ ಮತ್ತು ಕರಾವಳಿಯ ದನಿ

ಚಲನಚಿತ್ರದ ಸಂಗೀತ ನಿರ್ದೇಶಕರ ಹೊಣೆ ಎರಡು ಬಗೆಯದು. ಜನ ಗುನುಗುವ ಹಾಡುಗಳಿಗೆ ಧಾಟಿ ಕಟ್ಟುವುದು ಒಂದಾದರೆ, ಸಂಕಲನ ಮುಗಿದ ಚಿತ್ರವನ್ನು ಎದುರಿಗಿಟ್ಟುಕೊಂಡು ಎಲ್ಲಿ ವಾದ್ಯ ನುಡಿಯಬೇಕು, ಎಲ್ಲಿ ಮೌನವೇ ಇರಬೇಕು ಎಂಬುದನ್ನು ತೀರ್ಮಾನಿಸಿ ಹಿನ್ನೆಲೆ ಸಂಗೀತ ಕೂಡಿಸುವುದು ಇನ್ನೊಂದು. ಚಿತ್ರರಂಗದವರು ಇದನ್ನೇ ರೀರೆಕಾರ್ಡಿಂಗ್ ಎನ್ನುತ್ತಾರೆ. ಮೊದಲನೆಯದಕ್ಕೆ ಸಿಕ್ಕ ಮನ್ನಣೆ ಎರಡನೆಯದಕ್ಕೆ ಕನ್ನಡದಲ್ಲಿ ಬಹುಕಾಲ ಸಿಗಲಿಲ್ಲ. ಆ ಸ್ಥಿತಿ ಬದಲಾಗುವುದರಲ್ಲಿ ಭದ್ರಾವತಿ ಮೂಲದ ಬಿ. ಅಜನೀಶ್ ಲೋಕನಾಥ್ ಅವರ ಈಚಿನ ಕೆಲಸದ ಪಾಲು ದೊಡ್ಡದು.

ಮಲ್ಪೆಯ ಸುತ್ತ ಹೆಣೆದ ‘ಉಳಿದವರು ಕಂಡಂತೆ’ (2014) ಚಿತ್ರದಲ್ಲಿ ಕರಾವಳಿಯ ಲಯವನ್ನು ಕೈಗೆತ್ತಿಕೊಂಡ ಅವರು, ಹಾಡುಗಳನ್ನು ಅನೂಪ್ ಭಂಡಾರಿ ಮಾಡಿದ್ದ ‘ರಂಗಿತರಂಗ’ಕ್ಕೆ (2015) ಹಿನ್ನೆಲೆ ಸಂಗೀತವನ್ನಷ್ಟೇ ಒದಗಿಸಿದರು. ಈ ಎಲ್ಲ ಅನುಭವ ಫಲ ಕೊಟ್ಟದ್ದು 2022ರ ಸೆಪ್ಟೆಂಬರ್ 30ರಂದು ತೆರೆಕಂಡ, ದೈವಾರಾಧನೆಯ ಸುತ್ತ ಹೆಣೆದ ‘ಕಾಂತಾರ’ದಲ್ಲಿ.

ತುಳುನಾಡಿನ ದೈವಾರಾಧನೆಯಲ್ಲಿ ಸಂಗೀತ ಅಲಂಕಾರವಲ್ಲ, ಆಚರಣೆಯ ಅಂಗವೇ ಆಗಿದೆ. ತೆಂಬರೆಯೆಂಬ ಸಣ್ಣ ಚರ್ಮವಾದ್ಯ ನುಡಿಸುತ್ತ ಹೆಂಗಸರು ಹಾಡುವ ಪಾಡ್ದನ, ಅಂದರೆ ದೈವದ ಹುಟ್ಟು ಮತ್ತು ಸಂಚಾರದ ಕಥನ, ಮೊದಲು ಕೇಳಿಬರುತ್ತದೆ. ಬಳಿಕ ಡೋಲು, ತಾಸೆ, ನಾಗಸ್ವರಗಳ ಮೇಳ ಏರುತ್ತ ಹೋದಂತೆ ದೈವ ಮೈಮೇಲೆ ಬರುವ ಪಾತ್ರಿಯ ಕಾಲಿನ ಗಗ್ಗರವೆಂಬ ಗೆಜ್ಜೆಯೂ ಅದಕ್ಕೆ ಸೇರುತ್ತದೆ. ಮಂಗಳೂರಿನ ಬಳಿಯ ಬೈಕಂಪಾಡಿ, ಪಣಂಬೂರಿನ ಕಡೆ ಕಾರ್ಖಾನೆಗಳು, ಬಂದರು ಬೆಳೆದ ಮೇಲೂ, ದೈವಗಳ ನೇಮ, ಕೋಲಗಳು ನಡೆದು ಪತ್ತನಾಜೆಯೆಂಬ ದಿನಕ್ಕೆ ಮುಗಿಯುವ ಕಾಲದಲ್ಲಿ ಈ ದನಿ ಜನರಿಗೆ ಪರಿಚಿತವೇ. ಅಂಥ ಕಿವಿಗಳು ಒಪ್ಪುವಂತೆ, ಜೊತೆಗೆ ಕೋಲವನ್ನು ಎಂದೂ ಕಾಣದ ಊರುಗಳ ಪ್ರೇಕ್ಷಕರನ್ನೂ ತಟ್ಟುವಂತೆ ಸಂಗೀತ ಕಟ್ಟುವುದು ಸುಲಭದ ಮಾತಲ್ಲ.

ಹಾಗೆ ಕಟ್ಟಿದ ಸಂಗೀತದ ತೂಕ ಎಷ್ಟೆಂಬುದು ಒಂದು ವಿವಾದದಿಂದಲೇ ತಿಳಿಯಿತು. ಮಂಗಳೂರಿನ ಶಶಿರಾಜ್ ಕಾವೂರು ಬರೆದು ಸಾಯಿ ವಿಘ್ನೇಶ್ ಹಾಡಿದ, ಈ ಚಿತ್ರದ ‘ವರಾಹ ರೂಪಂ’ ಹಾಡು ನಾಗಸ್ವರದ ಪಕ್ಕದಲ್ಲೇ ಎಲೆಕ್ಟ್ರಿಕ್ ಗಿಟಾರನ್ನು ನಿಲ್ಲಿಸುತ್ತದೆ. ಇದು ತಮ್ಮ ‘ನವರಸಂ’ ಹಾಡನ್ನು ಹೋಲುತ್ತದೆಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ಆಕ್ಷೇಪಿಸಿ ನ್ಯಾಯಾಲಯದ ಮೆಟ್ಟಿಲೇರಿದಾಗ, ಅದೇ ನವೆಂಬರಿನಲ್ಲಿ ಅಮೆಜಾನ್ ಪ್ರೈಮ್‌ನಲ್ಲಿ ಬಂದ ಪ್ರತಿಗೆ ಬೇರೆ ಧಾಟಿ ಹಾಕಬೇಕಾಯಿತು. ದೃಶ್ಯ ಅದೇ, ಸಾಹಿತ್ಯವೂ ಅದೇ. ಆದರೂ ಕೊನೆಯ ಸನ್ನಿವೇಶದ ಆವೇಶ ಕುಗ್ಗಿತೆಂದು ಪ್ರೇಕ್ಷಕರು ಬಹಿರಂಗವಾಗಿಯೇ ದೂರಿದರು. ಮುಂದೆ ಮೂಲ ಧಾಟಿ ಮರಳಿತು. ಹಿನ್ನೆಲೆಯಲ್ಲಿ ನಿಲ್ಲುವ ಸಂಗೀತವು ದೃಶ್ಯದ ಅರ್ಥವನ್ನೇ ಹೊರುತ್ತದೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ದೊರೆಯುವುದು ಕಷ್ಟ.

ಹಿನ್ನೆಲೆ ಸಂಗೀತದ ವಿಷಯದಲ್ಲಿ ಕಿರುತೆರೆಯ ರೀತಿ ಬೇರೆ. ಧಾರಾವಾಹಿಗಳು ದಿನನಿತ್ಯ ಪ್ರಸಾರವಾಗುವುದರಿಂದ ಪ್ರತಿ ಸಂಚಿಕೆಗೂ ಹೊಸದಾಗಿ ಸಂಗೀತ ಬರೆಯಲು ಬಿಡುವಿಲ್ಲ. ದುಃಖ, ಸಂಶಯ, ಸಂಭ್ರಮಗಳಿಗೆಂದು ಮೊದಲೇ ಸಿದ್ಧಪಡಿಸಿದ ತುಣುಕುಗಳೇ ಮರಳಿ ಮರಳಿ ಬರುತ್ತವೆ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ಗೆ ಎಲ್. ವೈದ್ಯನಾಥನ್ ಕೊಟ್ಟ ಶೀರ್ಷಿಕೆ ಸಂಗೀತ ಇಂದಿಗೂ ನೆನಪಿನಲ್ಲಿರುವುದು, ಕಿರುತೆರೆಗೂ ಶ್ರದ್ಧೆಯಿಂದ ಬರೆಯಬಹುದೆಂಬುದನ್ನು ತೋರಿಸುತ್ತದೆ.

‘ಕಾಂತಾರ: ಚಾಪ್ಟರ್ 1’ (2025) ಚಿತ್ರಕ್ಕೂ ಅಜನೀಶ್ ಅವರದೇ ಸಂಗೀತ. ಇಂಥ ಚಿತ್ರಗಳು ತುಳುನಾಡಿನ ನಾದವನ್ನು ದೇಶಕ್ಕೆಲ್ಲ ಕೇಳಿಸುವಾಗ, ಆ ನಾದವನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಪಂಬದ, ನಲಿಕೆ, ಪರವ ಸಮುದಾಯಗಳ ಹಾಡುಗಾರ್ತಿಯರಿಗೂ ವಾದಕರಿಗೂ ತೆರೆಯ ಮೇಲೆ ಹೆಸರು, ಕೈಗೆ ತಕ್ಕ ಸಂಭಾವನೆ ಎರಡೂ ಸಲ್ಲಬೇಕು; ನಿರ್ಮಾಪಕರು ಇದನ್ನು ಕರಾರಿನಲ್ಲೇ ಬರೆದುಕೊಡಬೇಕು.