ಹಗೇವಿನ ಬಾಯಿ, ಮನೆಯ ಗಂಟು

ಹಳೇಬೀಡಿನಲ್ಲಿ ಬಸ್ಸಿಳಿದವರೆಲ್ಲ ಹೊಯ್ಸಳೇಶ್ವರನ ಗುಡಿಯತ್ತ ತಿರುಗುತ್ತಾರೆ. ನಾನು ಹೋಗಬೇಕಾಗಿದ್ದುದು ಬೇಲೂರು ರಸ್ತೆಯಿಂದ ಒಳಕ್ಕೆ ಸರಿದ ಒಂದು ಸಣ್ಣ ಊರಿಗೆ. ಬೆಲೆ ಏರುತ್ತಿರುವ ಈ ದಿನಗಳಲ್ಲಿ ಹಳ್ಳಿಯ ಮನೆಗಳು ಖರ್ಚನ್ನು ಹೇಗೆ ಹಿಡಿತದಲ್ಲಿಡುತ್ತಿವೆ ಎಂದು ಕೇಳಿಕೊಂಡು ಹೊರಟಿದ್ದೆ. ಅರವತ್ತು ದಾಟಿದ ಯಜಮಾನಿಯೊಬ್ಬರ ಮನೆಯಂಗಳದಲ್ಲಿ ಕೂತು ಡೇರಿ ಬಟವಾಡೆ, ಸಂಘದ ಕಂತು ಎಂದು ಬರೆದುಕೊಳ್ಳುತ್ತಿರುವಾಗ ಕಣ್ಣು ಬಿದ್ದದ್ದು ಒಂದು ಚಪ್ಪಡಿ ಕಲ್ಲಿನ ಮೇಲೆ. ಅದರ ಮೇಲೆ ಮಗನ ಬೈಕು ನಿಂತಿತ್ತು. ಸುತ್ತಲ ನೆಲಕ್ಕಿಂತ ಆ ಜಾಗ ಒಂದು ಗೇಣು ಎತ್ತರ.

‘ಅದಾ? ಹಗೇವು ಕಣಪ್ಪ. ನಮ್ಮತ್ತೆ ಕಾಲದ್ದು’ ಎಂದರು ಆಕೆ.

ನೆಲದೊಳಗೆ ದವಸ ಇಡುವ ಹಗೇವಿನ ಹೆಸರು ಕೇಳಿದ್ದೆ, ಅಜ್ಜಿಯರ ಮಾತಿನಲ್ಲಿ ಬಂದುಹೋಗುತ್ತಿತ್ತು. ಎದುರಿಗೆ ಕಂಡಿರಲಿಲ್ಲ. ನನ್ನ ಒತ್ತಾಯಕ್ಕೆ ಬೈಕು ಸರಿಯಿತು, ಹಾರೆ ಬಂತು, ಇಬ್ಬರು ಸೇರಿ ಕಲ್ಲು ಜರುಗಿಸಿದರು. ಒಬ್ಬ ಮನುಷ್ಯ ಭುಜ ಕುಗ್ಗಿಸಿ ಇಳಿಯಬಹುದಾದಷ್ಟೇ ಬಾಯಿ. ಒಳಗೆ ನೋಡಿದರೆ ಕತ್ತಲು, ಕೆಳಕ್ಕೆ ಹೋದಂತೆ ಹೊಟ್ಟೆ ಅಗಲವಾಗುವ ಗುಂಡಿ. ಒಣ ಮಣ್ಣಿನ ವಾಸನೆ, ಅದರೊಳಗೆ ತೆಳುವಾಗಿ ಹಳೆಯ ರಾಗಿಯ ವಾಸನೆ. ಬರಿದಾಗಿ ಎಷ್ಟೋ ವರ್ಷ ಕಳೆದರೂ ಆ ವಾಸನೆ ಹೋಗಿಲ್ಲ. ಹಳೇಬೀಡಿನ ಸುತ್ತ ನಿಧಿ ಹುಡುಕಿ ನೆಲ ಅಗೆಯುವವರ ಕಥೆಗಳಿಗೆ ಬರವಿಲ್ಲ. ಈ ಸೀಮೆಯ ನಿಜವಾದ ನಿಧಿ ಮನೆಮನೆಯ ಅಂಗಳದಲ್ಲೇ ಇತ್ತೆಂದು ನನಗೆ ಆ ಬಾಯಿಯ ಹತ್ತಿರ ಮಂಡಿಯೂರಿದಾಗ ಅನ್ನಿಸಿತು.

ಹಗೇವು ಎಲ್ಲೆಂದರಲ್ಲಿ ತೋಡುವಂಥದ್ದಲ್ಲ. ನೀರು ನಿಲ್ಲದ ಎತ್ತರದ ಜಾಗ, ಗಟ್ಟಿ ಕೆಮ್ಮಣ್ಣು ಬೇಕು. ತೋಡಿದ ಮೇಲೆ ಒಳಗೋಡೆಗೆ ಸಗಣಿ ಸಾರಿಸಿ, ಚೆನ್ನಾಗಿ ಒಣಗಿಸಿ, ತಳಕ್ಕೂ ಸುತ್ತಲೂ ಹುಲ್ಲು ಹಾಸಿ, ಬಿಸಿಲಿಗೆ ಒಣಗಿ ಗರಿಗರಿಯಾದ ರಾಗಿಯನ್ನು ಬಾಯಿತನಕ ತುಂಬಬೇಕು. ಮೇಲೆ ಮತ್ತೆ ಹುಲ್ಲು, ಅದರ ಮೇಲೆ ಚಪ್ಪಡಿ, ಸಂದಿಗೆಲ್ಲ ಮಣ್ಣು ಮೆತ್ತಿ, ಮೇಲೊಂದು ದಿಬ್ಬ. ಈ ಮನೆಯದು ಹತ್ತು ಖಂಡುಗ ಹಿಡಿಯುತ್ತಿತ್ತಂತೆ. ಖಂಡುಗಕ್ಕೆ 20 ಕೊಳಗ, ಅಂದರೆ 200 ಕೊಳಗ ರಾಗಿ ನೆಲದೊಳಗೆ!

ಅದು ಕೆಡದೆ ಉಳಿಯುತ್ತಿದ್ದುದರ ಗುಟ್ಟು ಗಾಳಿಯಲ್ಲಿದೆ. ಬಾಯಿ ಮುಚ್ಚಿದ ಮೇಲೆ ಒಳಗಿನ ಕಾಳು ಉಸಿರಾಡುತ್ತದೆ, ಕಾಳಿನ ಜೊತೆ ಸೇರಿಕೊಂಡ ಹುಳವೂ ಉಸಿರಾಡುತ್ತದೆ. ಆಮ್ಲಜನಕ ಕರಗುತ್ತ ಹೋಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಹುಳ ತಾನಾಗಿ ಸಾಯುತ್ತದೆ. ರಾಗಿಗೆ ಮೊದಲೇ ಹುಳು ಬೇಗ ಹಿಡಿಯದು, ಕಾಳು ಅಷ್ಟು ಚಿಕ್ಕದು. ಎರಡೂ ಸೇರಿ ವರ್ಷಗಟ್ಟಲೆ ದವಸ ಕಾಯುತ್ತಿದ್ದವು. ಇದೇ ತತ್ವವನ್ನು ಹಿಡಿದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 1980ರ ದಶಕದ ಕೊನೆಯಲ್ಲಿ ಆಫ್ರಿಕದ ಕ್ಯಾಮರೂನ್‌ನಲ್ಲಿ ಅಲಸಂದೆ ಕಾಪಾಡಲು ಗಾಳಿಯಾಡದ ಮೂರು ಪದರದ ಚೀಲ ರೂಪಿಸಿದರು. ಅದರ ಬಗ್ಗೆ ಓದಿದಾಗ ಮೆಚ್ಚಿದ್ದೆ. ನಮ್ಮ ಸೀಮೆಯ ಹೆಂಗಸರು ಅದನ್ನು ಸಗಣಿ, ಹುಲ್ಲು, ಕಲ್ಲಿನಲ್ಲಿ ಮಾಡಿ ಮುಗಿಸಿದ್ದರೆಂಬುದು ಈಗ ಆ ಮೆಚ್ಚುಗೆಯನ್ನು ಹಿಂದಕ್ಕೆ ತಳ್ಳಿದೆ.

ಆದರೆ ಹುಳವನ್ನು ಕೊಲ್ಲುವ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆ. ಹಾಗಾಗಿ ಹಗೇವು ತೆಗೆಯುವುದಕ್ಕೆ ಅದರದೇ ಕಟ್ಟಳೆ. ಕಲ್ಲು ಸರಿಸಿ ಸಾಕಷ್ಟು ಹೊತ್ತು ಬಿಡಬೇಕು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು. ದೀಪ ಆರಿದರೆ ಯಾರೂ ಇಳಿಯಕೂಡದು. ತುಂಬಿದ ಹಗೇವಿಗಿಂತ ಅರ್ಧ ಖಾಲಿಯಾದ ಹಗೇವಿಗೇ ಹೆಚ್ಚು ಹೆದರಬೇಕು, ಭಾರವಾದ ಆ ಗಾಳಿ ತಳದಲ್ಲಿ ಮಡುಗಟ್ಟಿ ನಿಂತಿರುತ್ತದೆ. ‘ನಮ್ಮ ಮಾವ ದೀಪ ಬಿಡದೆ ಯಾರ್ನೂ ಇಳಿಸ್ತಿರಲಿಲ್ಲ. ಅವಸರ ಇದ್ದೋರು ಹಗೇವು ತೆಗೀಬಾರದು ಅನ್ನೋರು’ ಎಂದರು ಆಕೆ.

ನಾನು ಕೇಳಲು ಹೋಗಿದ್ದ ಪ್ರಶ್ನೆಗೆ ಉತ್ತರ ಈ ಮಾತಿನಲ್ಲೇ ಸಿಕ್ಕಿಬಿಟ್ಟಿತು. ತುಂಬಿದ್ದನ್ನು ತೆಗೆಯಬೇಕಾದರೆ ಹಾರೆ ಬೇಕು, ಇನ್ನೊಬ್ಬರ ಕೈ ಬೇಕು, ಕಾಯುವ ತಾಳ್ಮೆ ಬೇಕು, ಊರಿಗೆಲ್ಲ ಗೊತ್ತಾಗುತ್ತದೆ. ಮನಸ್ಸು ಬಂದಾಗ ಕೈಹಾಕಿ ಮೊಗೆಯುವ ಮಾತೇ ಇಲ್ಲ. ದಿನದ ಹಿಟ್ಟಿಗೆ ಮನೆಯೊಳಗಿನ ವಾಡೆ ಇತ್ತು, ಬಿತ್ತನೆಯ ರಾಗಿಗೆ ಬೇರೆಯೇ ಗುಡಾಣ. ಹಗೇವು ಇದ್ದದ್ದು ಮಳೆ ಕೈಕೊಟ್ಟ ವರ್ಷಕ್ಕೆ. ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, ಅಂದರೆ 1876ರಿಂದ 78ರ ನಡುವೆ, ಮೈಸೂರು ಸಂಸ್ಥಾನ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. ಮಳೆ ಒಂದೇ ವರ್ಷ ಕೈಕೊಡುವುದಿಲ್ಲ ಎಂದು ತಿಳಿದಿದ್ದ ನೆಲದಲ್ಲಿ, ಒಂದು ವರ್ಷದ ದವಸ ಇಟ್ಟುಕೊಳ್ಳುವುದನ್ನು ಉಳಿತಾಯವೆಂದು ಯಾರೂ ಕರೆಯುತ್ತಿರಲಿಲ್ಲ.

ಉಳಿತಾಯದ ಬಗ್ಗೆ ಇಂದು ಕೇಳಿಬರುವ ಉಪದೇಶಗಳಲ್ಲಿ ನನಗೆ ನಂಬಿಕೆ ಕಡಿಮೆ. ಅಮೆರಿಕದ ಎಲಿಜಬೆತ್ ವಾರೆನ್ ತಮ್ಮ ಮಗಳ ಜೊತೆ ಬರೆದ 2005ರ ಪುಸ್ತಕದಿಂದ ಜನಪ್ರಿಯವಾದ ಸೂತ್ರವೊಂದಿದೆ: ಆದಾಯದಲ್ಲಿ ನೂರಕ್ಕೆ 50 ಅಗತ್ಯಕ್ಕೆ, 30 ಆಸೆಗೆ, 20 ಉಳಿತಾಯಕ್ಕೆ. ತಿಂಗಳ ಸಂಬಳದ ಮನೆಗೆ ಅದು ಸರಿಹೋಗಬಹುದು. ಹಾಸನದ ಆಲೂಗಡ್ಡೆ ಬೆಳೆಗಾರನಿಗೆ ಯಾವ ತಿಂಗಳ ನೂರು? ಮೇ ತಿಂಗಳಲ್ಲಿ ಜಲಂಧರ್‌ನಿಂದ ಬಂದ ಬಿತ್ತನೆ ಗೆಡ್ಡೆಗೆ ಹಾಸನದ ಎಪಿಎಂಸಿಯಲ್ಲಿ ಹಣ ಸುರಿದು, ಅಂಗಮಾರಿ ಬರದಿರಲೆಂದು ಮುಗಿಲು ನೋಡುತ್ತ ಕೂರುವ ಮನೆಗೆ ದುಡ್ಡು ಬರುವುದು ವರ್ಷಕ್ಕೆ ಒಂದೋ ಎರಡೋ ಸಲ, ಹೋಗುವುದು ಮಾತ್ರ ದಿನಾಲೂ. ಆ ಮನೆಗೆ ಬೇಕಾದ್ದು ಒಮ್ಮೆಗೇ ಬಂದದ್ದನ್ನು ಕೈಗೆ ಸಿಗದ ಹಾಗೆ ಇಡುವ ಜಾಗ.

ಈ ಯಜಮಾನಿಯ ಲೆಕ್ಕ ನೋಡಿ. ಹಸುವಿನ ಹಾಲಿನ ದುಡ್ಡು ಮನೆ ಖರ್ಚಿಗೆ. ಸರ್ಕಾರದ ಗೃಹಲಕ್ಷ್ಮಿಯ 2000 ರೂಪಾಯಿಯನ್ನು ಮುಟ್ಟುವುದೇ ಇಲ್ಲ, ಅದು ಅಂಚೆ ಕಚೇರಿಯ ಆರ್‌ಡಿಗೆ ಹೋಗುತ್ತದೆ. ವರ್ಷಕ್ಕೆ ಶೇ 6.7ರ ಬಡ್ಡಿಯಲ್ಲಿ ತಿಂಗಳಿಗೆ 2000 ಕಟ್ಟಿದರೆ ಐದು ವರ್ಷಕ್ಕೆ ಕಟ್ಟಿದ್ದು 1 ಲಕ್ಷ 20 ಸಾವಿರ, ಕೈಗೆ ಬರುವುದು ಸುಮಾರು 1 ಲಕ್ಷ 42 ಸಾವಿರ. ಕಂತು ತಪ್ಪಿದರೆ ನೂರು ರೂಪಾಯಿಗೆ ತಿಂಗಳಿಗೊಂದು ರೂಪಾಯಿ ದಂಡ. ಸರ್ಕಾರದ ದುಡ್ಡು ತಡವಾದ ತಿಂಗಳಿಗೆಂದೇ ಆಕೆ ಒಂದು ಕಂತನ್ನು ಮುಂಗಡವಾಗಿ ಸಾಸಿವೆ ಡಬ್ಬಿಯಲ್ಲಿ ಇಟ್ಟಿದ್ದಾರೆ. ಮೂರು ವರ್ಷದ ಮುಂಚೆ ಆರ್‌ಡಿ ಮುರಿಯಲು ಬರುವುದಿಲ್ಲ ಎಂದು ಪೋಸ್ಟ್‌ಮ್ಯಾನ್ ಹೇಳಿದ್ದನ್ನು ಆಕೆ ದೂರಾಗಿ ಹೇಳಲಿಲ್ಲ. ಅದಕ್ಕೇ ಅಲ್ಲಿ ಇಟ್ಟದ್ದು ಎಂದರು.

ಖರ್ಚು ಇಳಿಸುವ ಕಡೆ ಇನ್ನೂ ಕಟ್ಟುನಿಟ್ಟು. ಗೃಹಜ್ಯೋತಿಯ ಕರೆಂಟು 200 ಯೂನಿಟ್ ಒಳಗಿದ್ದರೆ ಪೂರ್ತಿ ಉಚಿತ ಎಂದು ಎಷ್ಟೋ ಮನೆಯವರು ತಿಳಿದಿದ್ದಾರೆ. ಹಾಗಲ್ಲ, ಪ್ರತಿ ಮನೆಗೂ ಹಳೆಯ ಬಳಕೆಯ ಸರಾಸರಿಯ ಮೇಲೆ ಅದರದೇ ಮಿತಿಯಿದೆ, ದಾಟಿದ ಯೂನಿಟ್ಟಿಗೆ ದುಡ್ಡು ಕೊಡಬೇಕು. ಆಕೆಗೆ ತಮ್ಮ ಮನೆಯ ಮಿತಿ ಬಾಯಲ್ಲಿದೆ, ತಿಂಗಳ ಮಧ್ಯೆ ಮೊಮ್ಮಗನನ್ನು ಕಳಿಸಿ ಮೀಟರ್ ಓದಿಸುತ್ತಾರೆ. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಹಾಸನದ ಆಸ್ಪತ್ರೆ, ಬಟ್ಟೆ, ದಿನಸಿ ಕೆಲಸಗಳಿಗೆ ಮಗನ ಬೈಕಿನ ಬದಲು ಆಕೆಯೇ ಹೊರಡುತ್ತಾರೆ. ಪೆಟ್ರೋಲೂ ಉಳಿಯಿತು, ಪೇಟೆ ನೋಡಿದ ಹಾಗೂ ಆಯಿತು. ಸ್ನಾನದ ನೀರಿಗೆ ಅರಸೀಕೆರೆ ಕಡೆಯ ನೆಂಟರ ತೋಟದ ತೆಂಗಿನ ಮಟ್ಟೆ, ಹಾಗಾಗಿ ಎಂಟುನೂರು ದಾಟಿದ ಸಿಲಿಂಡರು ಅಡುಗೆಗೆ ಮಾತ್ರ. ಸಾರಿನ ಪುಡಿ ಮನೆಯದೇ. ಕಾಫಿಯನ್ನು ಬಿಡುವ ಮಾತು ಮಾತ್ರ ಎತ್ತಬೇಡಿ ಎಂದರು. ಎತ್ತಲೂಬಾರದು ಎಂದೇ ನನ್ನ ಅಭಿಪ್ರಾಯ. ದಿನದ ಒಂದು ಸುಖವನ್ನು ಕಿತ್ತುಕೊಂಡು ಮಾಡಿದ ಉಳಿತಾಯ ಮೂರು ತಿಂಗಳು ಬಾಳದು.

ಆಕೆಯ ಸಿಟ್ಟು ಇರುವುದು ರಾಗಿಯ ವಿಷಯದಲ್ಲಿ. ನಾಲ್ವರ ಮನೆಗೆ ದಿನಕ್ಕೆ ಹತ್ತಿರಹತ್ತಿರ ಒಂದು ಕಿಲೊ ಹಿಟ್ಟು, ವರ್ಷಕ್ಕೆ ಮೂರೂವರೆ ಕ್ವಿಂಟಲ್ ಮೀರುತ್ತದೆ. 2024–25ರ ಬೆಂಬಲ ಬೆಲೆ ಕ್ವಿಂಟಲಿಗೆ 4290 ರೂಪಾಯಿ ಹಿಡಿದರೂ ಹದಿನೈದು ಸಾವಿರಕ್ಕೆ ಮೇಲಿನ ದವಸ. ಸುಗ್ಗಿಯಲ್ಲಿ ಕೈಗಡ ತೀರಿಸಲು ಅದನ್ನು ಕಣದಲ್ಲೇ ಸಿಕ್ಕ ಬೆಲೆಗೆ ಮಾರಿ, ಆಷಾಢಕ್ಕೆ ಪೇಟೆಯ ಪ್ಯಾಕೆಟ್ ಹಿಟ್ಟು ತರುವ ಮನೆಗಳು ಅವರ ಬೀದಿಯಲ್ಲೇ ಇವೆ. ‘ಬೆಳೆದೋರೇ ಕೊಂಡ್ಕೊಂಡು ತಿಂದ್ರೆ ಇನ್ಯಾತರ ಉಳಿತಾಯ?’ ಬೆಳೆ ಕಡಿಮೆಯಾಗಿ ಹೀಗಾದದ್ದಲ್ಲ. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ತಳಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ಆಫ್ರಿಕದ ತಳಿಯೊಂದಿಗೆ ನಮ್ಮ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಮೇಲೆ ಇಳುವರಿ ಏರಿತು. ಇಳುವರಿ ಏರಿದ ಕಾಲದಲ್ಲೇ ಹಗೇವುಗಳು ಮುಚ್ಚಿದ್ದು ನನಗೆ ಬಹಳ ದುಃಖ ತರುವ ಸಂಗತಿ. ಕಾರಣಗಳು ಕಣ್ಣೆದುರೇ ಇವೆ: ರೇಷನ್ ಅಕ್ಕಿ ಬಂತು, ಅವಿಭಕ್ತ ಮನೆಗಳು ಪಾಲಾದವು, ಅಂಗಳಕ್ಕೆ ಸಿಮೆಂಟು ಬಿತ್ತು.

ಇಟ್ಟದ್ದನ್ನು ಕೈಗೆ ಸಿಗದಂತೆ ಇಡುವ ಬುದ್ಧಿ ಈ ನೆಲದಲ್ಲಿ ಹೊಸದಲ್ಲ. ಹೊಯ್ಸಳರ ಕಾಲದ ಶಾಸನಗಳಲ್ಲಿ ದೇವರ ನಂದಾದೀಪಕ್ಕೆಂದು ಗದ್ಯಾಣಗಳನ್ನು ಊರ ಮಹಾಜನರ ಕೈಗೋ ಎಣ್ಣೆಯ ಗಾಣಿಗರ ಕೈಗೋ ಒಪ್ಪಿಸಿ, ಅಸಲು ಮುಟ್ಟದೆ ಬಡ್ಡಿಯಿಂದಲೇ ದೀಪ ಉರಿಯಬೇಕೆಂದು ಕಲ್ಲಿನಲ್ಲಿ ಕೊರೆಸಿದ ದತ್ತಿಗಳು ಸಿಗುತ್ತವೆ. 1905ರಲ್ಲಿ ಗದುಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಮೊದಲ ಕೃಷಿ ಸಹಕಾರ ಸಂಘಗಳಲ್ಲೊಂದನ್ನು ಕಟ್ಟಿದರು. 1928ರಲ್ಲಿ ಉಡುಪಿಯ ಟಿ.ಎಂ.ಎ. ಪೈ ಅವರ ಬ್ಯಾಂಕು ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿ ಶುರುಮಾಡಿತು, ಬ್ಯಾಂಕಿನವರೇ ಬಾಗಿಲಿಗೆ ಬಂದು ವಸೂಲು ಮಾಡುತ್ತಿದ್ದರು. ಎಂಬತ್ತರ ದಶಕದಲ್ಲಿ ಮೈರಾಡ ಸಂಸ್ಥೆ ಕಟ್ಟಿದ ಸಣ್ಣ ಉಳಿತಾಯ ಗುಂಪುಗಳು, 1992ರಲ್ಲಿ ನಬಾರ್ಡ್ ಅಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಿದ್ದು, 2000–01ರಲ್ಲಿ ರಾಜ್ಯದ ಸ್ತ್ರೀಶಕ್ತಿ ಯೋಜನೆ: ಹೀಗೆ ವಾರದ ಹತ್ತಿಪ್ಪತ್ತು ರೂಪಾಯಿ ಹಳ್ಳಿಯ ಹೆಂಗಸರ ಕೈಯಲ್ಲಿ ಗಂಟಾಯಿತು.

ಇವುಗಳಲ್ಲಿ ಪಿಗ್ಮಿಯ ಮೇಲೆ ನನಗೆ ವಿಶೇಷ ಪ್ರೀತಿ. ದಿನಗೂಲಿಯವನ ಸಂಜೆಯ ದುಡ್ಡು ಖರ್ಚಾಗುವ ಮುಂಚೆ ಬಾಗಿಲಿಗೆ ಬಂದು ನಿಲ್ಲುವ ಉಪಾಯ ಅದು. ಸಂಘಗಳ ಬಗ್ಗೆ ಮಾತ್ರ ಈಗೀಗ ಅಳುಕು. ಉಳಿಸಲೆಂದು ಕೂಡಿದ ಹೆಂಗಸರು ಹಲವು ಕಡೆ ಸಾಲ ಪಡೆಯಲೆಂದು ಕೂಡುತ್ತಿದ್ದಾರೆ. ಒಂದು ಕಿರುಸಾಲ ಕಂಪನಿಯ ಕಂತಿಗೆ ಇನ್ನೊಂದರ ಸಾಲ. ವಸೂಲಿಯ ಕಿರುಕುಳ ಎಷ್ಟು ಹೆಚ್ಚಿತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ವಾರದ ಕಂತು ಕಟ್ಟಲು ರಾಗಿ ಮಾರುವ ಮನೆಗೆ ಯಾವ ಮಿತವ್ಯಯದ ಸಲಹೆಯೂ ಕೆಲಸಕ್ಕೆ ಬಾರದು. ಮೊದಲು ಆ ಸಾಲ ತೀರಬೇಕು, ಆಮೇಲೆ ಉಳಿದ ಮಾತು. ಈ ಯಜಮಾನಿ ತಮ್ಮ ಸಂಘದಿಂದ ಸಾಲ ತೆಗೆದದ್ದು ಹಸುವಿಗೆ ಮಾತ್ರ, ಮದುವೆಗಾಗಲೀ ಹಬ್ಬಕ್ಕಾಗಲೀ ಅಲ್ಲ. ಹಾಲು ಕೊಡದ ಸಾಲ ತರಬಾರದೆಂದು ಸೊಸೆಗೂ ಹೇಳಿದ್ದಾರಂತೆ.

ಹಗೇವನ್ನು ಮತ್ತೆ ತುಂಬಿಸುವಿರಾ ಎಂದು ಕೇಳಿದೆ. ಬಗ್ಗಿ ಇಳಿದು ಮೊಗೆಯುವ ಗಂಡಾಳು ಈಗ ಮನೆಯಲ್ಲಿಲ್ಲ, ಮೊಮ್ಮಕ್ಕಳು ಆಡುವ ಅಂಗಳ, ಗಾಳಿಯ ಭಯ ಬೇರೆ, ಬೇಡ ಎಂದರು. ಸೊಸೆಗೆ ನಾನು ಹೇಳಿದ ಮೂರು ಪದರದ ಚೀಲದ ಮೇಲೆ ಆಸೆ ಹುಟ್ಟಿದೆ. ಮುಂದಿನ ಸುಗ್ಗಿಗೆ ಮನೆಯ ವರ್ಷದ ರಾಗಿಯನ್ನು ಮಾರದೆ ಉಳಿಸಿಕೊಳ್ಳುವುದೆಂದು ಇಬ್ಬರೂ ಒಪ್ಪಿದ್ದಾರೆ, ಎಲ್ಲಿಡುವುದು ಎಂಬಲ್ಲಿ ಜಗಳ. ಅತ್ತೆಗೆ ಪ್ಲಾಸ್ಟಿಕ್ ಮೇಲೆ ನಂಬಿಕೆಯಿಲ್ಲ. ಕೊನೆಗೆ ಅರ್ಧ ರಾಗಿ ಸೊಸೆಯ ಚೀಲಕ್ಕೆ, ಅರ್ಧ ಅಟ್ಟದ ಮೂಲೆಯ ವಾಡೆಗೆ ಎಂದು ತೀರ್ಮಾನವಾಗಿದೆ. ಯಾವುದರಲ್ಲಿ ಹುಳ ಬೀಳುತ್ತದೆಂದು ಯುಗಾದಿಯ ಮೇಲೆ ಬಂದು ನೋಡಿ ಹೋಗಲು ನನಗೆ ಇಬ್ಬರೂ ಹೇಳಿ ಕಳಿಸಿದರು.